ಸಮಾವೇಶದವರ ಕಡೆ ಎರಡು ಆಳು ಬಾಕಿ

ನಯನಳ ಫೋಟೊ ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಬರಬೇಕಾದರೆ ಅವಳು ಬೀದಿದೀಪದ ಕೆಳಗೆ ಓದಿರಬೇಕಿತ್ತು, ಇಲ್ಲವೇ ಬರಿಗಾಲಲ್ಲಿ ಕಾಲೇಜಿಗೆ ನಡೆದಿರಬೇಕಿತ್ತು. ಅವಳು ಬಸ್ ಪಾಸು ಮಾಡಿಸಿಕೊಂಡು, ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತ ಶಿಕಾರಿಪುರಕ್ಕೆ ಹೋಗಿ ಬಿಸಿಎ ಮುಗಿಸಿದವಳು. ಈಗ ಮೂವತ್ತೆರಡು ವರ್ಷ. ಸೊರಬ ತಾಲ್ಲೂಕಿನ ಆನವಟ್ಟಿಯಿಂದ ಮೂರು ಕಿಲೋಮೀಟರ್ ಆಚೆಯ ಊರಲ್ಲಿ ಮನೆ. ದಿನಾ ಸ್ಕೂಟಿಯಲ್ಲಿ ಆನವಟ್ಟಿಗೆ ಬಂದು, ಒಂದು ಆನ್‌ಲೈನ್ ಸೆಂಟರಿನಲ್ಲಿ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು ಅವಳ ಕೆಲಸ. ಗಂಡ ಪ್ರದೀಪ ಶಿಕಾರಿಪುರದ ಎಪಿಎಂಸಿ ಅಂಗಳದ ಮಂಡಿಯೊಂದರಲ್ಲಿ ಗುಮಾಸ್ತ. ಅತ್ತೆ ಗುಡ್ಡಮ್ಮನಿಗೆ ಅರವತ್ತೆರಡು. ಮೂರು ಎಕರೆ ಭತ್ತ, ಮೆಕ್ಕೆಜೋಳ, ಎರಡು ಎಮ್ಮೆ ಮತ್ತು ಊರಿನ ಅರ್ಧ ಹೆಂಗಸರು ಅವರ ಆಡಳಿತದಲ್ಲಿದ್ದಾರೆ.

ಇಂಥ ನಯನಳನ್ನು ಒಂದು ದೊಡ್ಡ ಕಂಪನಿ ಮಾತ್ರ ಪ್ರತಿ ತಿಂಗಳೂ ‘ಪ್ರಿಯ ಡೆವಲಪರ್’ ಎಂದು ಕರೆದು ಪತ್ರ ಬರೆಯುತ್ತಿತ್ತು. ಅದಕ್ಕೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಯೊಬ್ಬ ಗುಡ್ಡಮ್ಮನಿಗೆ ಮಾರುಕಟ್ಟೆ ಬಿದ್ದುಹೋಗಿದೆ ಎಂದು ಹೇಳಿ, ಕ್ವಿಂಟಲಿಗೆ ಇನ್ನೂರು ರೂಪಾಯಿ ಕಡಿಮೆಗೆ ಮೆಕ್ಕೆಜೋಳ ತುಂಬಿಕೊಂಡು ಹೋದ. ಅದೇ ಸಂಜೆ ಪ್ರದೀಪ ಮನೆಗೆ ಬಂದು ನಿಜವಾದ ಬೆಲೆ ಹೇಳಿದಾಗ ಗುಡ್ಡಮ್ಮ ಊಟ ಬಿಟ್ಟು ಕುಳಿತರು. ಅವರಿಗೆ ಓದಲು ಬರುವುದಿಲ್ಲ. ಬೆಲೆ ಫೋನಿನಲ್ಲಿ ಬಂದಿದ್ದರೂ ಅವರ ಪಾಲಿಗೆ ಬಂದಂತಲ್ಲ. ನಯನ ಆರು ತಿಂಗಳು ರಜೆಯ ದಿನಗಳಲ್ಲೆಲ್ಲ ಕುಳಿತು ಒಂದು ಆ್ಯಪ್ ಮಾಡಿದಳು. ಜೋಳದ ಚಿತ್ರ ಒತ್ತಿದರೆ ಜೋಳದ ಬೆಲೆ, ಶುಂಠಿಯ ಚಿತ್ರ ಒತ್ತಿದರೆ ಶುಂಠಿಯ ಬೆಲೆ, ಎಲ್ಲ ಬಾಯಲ್ಲೇ ಹೇಳುತ್ತದೆ. ಮಧ್ಯಾಹ್ನ ಎಪಿಎಂಸಿಯಲ್ಲಿ ಟೆಂಡರ್ ಮುಗಿದ ಕೂಡಲೇ ಪ್ರದೀಪ ಬೆಲೆ ಕಳಿಸುತ್ತಾನೆ, ನಯನ ಏರಿಸುತ್ತಾಳೆ. ಹೇಳುವ ದನಿ ಆ ಕಂಪನಿಯದು, ಬಿಟ್ಟಿ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಸಾವಿರದ ನಾನೂರು ಮಂದಿ ಅದನ್ನು ಕೇಳುತ್ತಿದ್ದರು. ವ್ಯಾಪಾರಿ ಈಗ ಗುಡ್ಡಮ್ಮನ ಬಾಗಿಲಿಗೆ ಬಂದರೆ ಮೊದಲು ನೀರು ಕೇಳುತ್ತಾನೆ, ಬೆಲೆ ಆಮೇಲೆ.

ಮೇ ತಿಂಗಳಲ್ಲಿ ಕಂಪನಿಯಿಂದ ಒಂದು ಸಂತೋಷದ ಸುದ್ದಿ ಬಂತು. ಕಂಪನಿಯವರು ಕೆಟ್ಟ ಸುದ್ದಿಯನ್ನು ಹಾಗೆಯೇ ಕರೆಯುವುದು. ಹಳೆಯ ಕನ್ನಡ ದನಿ ಆಗಸ್ಟ್ ಮೂವತ್ತೊಂದಕ್ಕೆ ನಿವೃತ್ತಿಯಾಗುತ್ತದಂತೆ. ಅದರ ಬದಲು ಇನ್ನಷ್ಟು ಇಂಪಾದ ದನಿ ಬರುತ್ತದಂತೆ, ಮಾತಿಗಿಷ್ಟು ಎಂದು ದುಡ್ಡಿನ ಲೆಕ್ಕದಲ್ಲಿ. ಸಾವಿರದ ನಾನೂರು ಮಂದಿ ದಿನಕ್ಕೆರಡು ಸಲ ಒತ್ತಿದರೆ ಎಷ್ಟಾಗುತ್ತದೆಂದು ನಯನ ಹಾಕಿ ನೋಡಿದಳು. ಅವಳ ಸಂಬಳ ಇಪ್ಪತ್ತನೇ ತಾರೀಕಿಗೇ ಮುಗಿದುಹೋಗುತ್ತಿತ್ತು.

ಅವಳಿಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಹಳೆಯ ದನಿಯಲ್ಲಿ ಅಂಕಿಗಳನ್ನು ಒಂದು ಸಲ ಹೇಳಿಸಿ ನಾವೇ ಇಟ್ಟುಕೊಂಡು ಬಳಸಬಹುದೇ? ಹೌದು ಎಂದರೆ ಆ್ಯಪ್ ಉಳಿಯುತ್ತದೆ, ಇಲ್ಲ ಎಂದರೆ ಇಲ್ಲ. ಕಂಪನಿಗೆ ಪತ್ರ ಬರೆದಳು. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಒಂದು ಯಂತ್ರ ಉತ್ತರ ಕೊಟ್ಟಿತು. ಮತ್ತೆ ಬರೆದಳು, ಅವಳ ಅಭಿಪ್ರಾಯ ಮತ್ತೆ ಅಮೂಲ್ಯವಾಯಿತು. ಮೂರನೆಯ ಸಲಕ್ಕೆ ಒಬ್ಬ ಮನುಷ್ಯ ಸಿಕ್ಕಿದ. ಜುಲೈ ಹದಿನೆಂಟು, ಹತ್ತೊಂಬತ್ತಕ್ಕೆ ಬೆಂಗಳೂರಿನಲ್ಲಿ ನಮ್ಮ ಡೆವಲಪರ್ ಸಮಾವೇಶವಿದೆ, ಎಂಜಿನಿಯರುಗಳು ಖುದ್ದಾಗಿ ಸಿಗುತ್ತಾರೆ, ಬನ್ನಿ ಎಂದ.

ಟಿಕೆಟ್ಟು ಇಪ್ಪತ್ತೊಂಬತ್ತು ಸಾವಿರದ ಐನೂರು, ತೆರಿಗೆ ಬೇರೆ. ಮೊದಲು ಬುಕ್ ಮಾಡಿದವರಿಗೆ ‘ಅರ್ಲಿ ಬರ್ಡ್’ ಎಂದು ಹನ್ನೊಂದು ಸಾವಿರ ಕಡಿಮೆ ಇತ್ತಂತೆ. ನಯನಳಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಆ ಹಕ್ಕಿ ಹಾರಿಹೋಗಿತ್ತು. ಗುಡವಿ ಕೆರೆಗೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಮೊಟ್ಟೆಯಿಟ್ಟು ಮರಿ ಮಾಡಿಕೊಂಡು ಹೋಗುತ್ತವೆ, ಒಂದಕ್ಕೂ ಟಿಕೆಟ್ ಕೇಳಿದವರಿಲ್ಲ. ಮನೆಯಲ್ಲೇ ಕುಳಿತು ಸಮಾವೇಶ ನೋಡುವುದು ಬಿಟ್ಟಿಯೇ ಇತ್ತು. ಆದರೆ ಪ್ರಶ್ನೆ ಕೇಳುವ ಹಕ್ಕು ಸಭಾಂಗಣದ ಒಳಗಿದ್ದವರಿಗೆ ಮಾತ್ರ.

ಮಹಿಳೆಯರಿಗೆ ಒಂದು ಸಹಾಯಧನವೂ ಇತ್ತು. ಎಲ್ಲರನ್ನೂ ಒಳಗೆ ಕರೆದುಕೊಳ್ಳುವುದೇ ನಮ್ಮ ಗುರಿ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಯಾರೂ ಒಳಗೆ ಬರದ ಹಾಗೆ ಒಂದು ಅರ್ಜಿ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಐನೂರು ಪದದ ಪ್ರಬಂಧ, ಎರಡು ನಿಮಿಷದ ವಿಡಿಯೊ, ನೀವು ಕೆಲಸ ಮಾಡುವ ಕಂಪನಿಯ ಎಚ್‌ಆರ್ ವಿಭಾಗದಿಂದ ಪತ್ರ. ಆನ್‌ಲೈನ್ ಸೆಂಟರಿನ ಎಚ್‌ಆರ್ ವಿಭಾಗ ಎಂದರೆ ಮಾಲೀಕರ ಹೆಂಡತಿ. ಅವರು ಪಾಪ ಲೆಟರ್‌ಹೆಡ್ಡಿಗೆ ಸೀಲು ಒತ್ತಿ ಕೊಟ್ಟರು. ಊರಿನ ಹೆಸರಿನ ಪಟ್ಟಿಯಲ್ಲಿ ಸೊರಬವೂ ಇರಲಿಲ್ಲ, ಶಿಕಾರಿಪುರವೂ ಇರಲಿಲ್ಲ. ‘ಇತರೆ’ ಎಂದು ಒತ್ತಿದರೆ ಅರ್ಜಿ ಕೆಂಪಗಾಗಿ ಮೊದಲ ಪುಟಕ್ಕೆ ಹೋಗಿ ನಿಲ್ಲುತ್ತಿತ್ತು. ದಿನಕ್ಕೆ ನಲವತ್ತು ಸರ್ಕಾರಿ ಅರ್ಜಿ ತುಂಬುವವಳು ನಯನ; ಸರ್ಕಾರದ ವೆಬ್‌ಸೈಟುಗಳ ಮೇಲೆ ಅವಳಿಗೆ ಅಂದು ಮೊದಲ ಬಾರಿಗೆ ಗೌರವ ಹುಟ್ಟಿತು.

ಕೊನೆಗೆ ಉಳಿದದ್ದು ಸ್ವಯಂಸೇವಕರ ಅರ್ಜಿ. ಎರಡು ದಿನ ಕೆಲಸ ಮಾಡಿಕೊಟ್ಟರೆ ಪ್ರವೇಶ, ಊಟ ಮತ್ತು ಟೀ ಶರ್ಟ್ ಉಚಿತ. ಅದರಲ್ಲಿ ಪ್ರಬಂಧವಿಲ್ಲ, ಪತ್ರವಿಲ್ಲ, ಊರಿನ ಪಟ್ಟಿಯೂ ಇಲ್ಲ. ಕಳಿಸಿದ ಎರಡೇ ಗಂಟೆಗೆ ‘ನೀವು ಆಯ್ಕೆಯಾಗಿದ್ದೀರಿ’ ಎಂದು ಉತ್ತರ ಬಂತು. ಬಿಟ್ಟಿ ದುಡಿಯಲು ಮಾತ್ರ ಎಲ್ಲ ಊರಿನವರಿಗೂ ಸಮಾನ ಅವಕಾಶ.

ಆದರೆ ಜುಲೈ ಎಂದರೆ ನಾಟಿಯ ಕಾಲ. ಆ ಊರಿನಲ್ಲಿ ಒಂಬತ್ತು ಮನೆಯ ಹೆಂಗಸರು ಸೇರಿ ಮುಯ್ಯಾಳು ನಡೆಸುತ್ತಾರೆ. ಇವತ್ತು ನಾನು ನಿನ್ನ ಗದ್ದೆಯಲ್ಲಿ ಬಗ್ಗಿದರೆ ನಾಳೆ ನೀನು ನನ್ನ ಗದ್ದೆಯಲ್ಲಿ ಬಗ್ಗಬೇಕು. ಕೂಲಿಯ ಮಾತಿಲ್ಲ, ಊಟ ಮಾತ್ರ ಗದ್ದೆಯವರದು. ಬರಲಾಗದವರು ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ಆಳಿನ ಬದಲು ದುಡ್ಡು ಕಳಿಸುವುದೆಂದರೆ ಮುಖಕ್ಕೆ ಉಗಿದಂತೆ. ಹಾಗೆ ಮಾಡಿದವರನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಹದಿನೆಂಟು, ಹತ್ತೊಂಬತ್ತು ಎರಡೂ ದಿನ ಪಕ್ಕದ ಮನೆಯ ಲೋಕಮ್ಮನ ಗದ್ದೆಯ ಸರದಿ, ಈ ಮನೆಯಿಂದ ಹೋಗಬೇಕಾದವಳು ನಯನ.

“ನೀ ಹೋಗಿ ಕೇಳ್ಕಂಡು ಬಾ. ನಿನ್ ಬದ್ಲಿ ನಾ ಹೋಗ್ತೀನಿ,” ಎಂದರು ಗುಡ್ಡಮ್ಮ.

“ಮಂಡಿ ನೋವು ಇಟ್ಕಂಡು ಎರಡು ದಿನ ಕೆಸರಲ್ಲಿ ನಿಲ್ತೀರಾ ಅತ್ತೆ?”

“ಆ ದನಿ ನಿಂತ್ ಹೋದ್ರೆ ಮತ್ತೆ ಅವ್ನು ಬಂದು ನಂಗೆ ಟೋಪಿ ಹಾಕ್ತಾನಲ್ಲೇ. ಮಂಡಿ ನೋವು ಅದಕ್ಕಿಂತ ವಾಸಿ.”

ನಯನ ಬೆಂಗಳೂರಿಗೆ ಹೋದಳು. ಸಮಾವೇಶ ನಡೆಯುವ ಹೋಟೆಲು ಪೇಟೆಯಿಂದ ಎಷ್ಟು ದೂರದಲ್ಲಿತ್ತೆಂದರೆ, ಆನವಟ್ಟಿಯಿಂದ ಬೆಂಗಳೂರಿಗೆ ಕೊಟ್ಟ ಖಾಸಗಿ ಬಸ್ ಚಾರ್ಜಿಗಿಂತ ಬಸ್ ನಿಲ್ದಾಣದಿಂದ ಹೋಟೆಲಿಗೆ ಕೊಟ್ಟ ಆಟೋ ಚಾರ್ಜು ಹೆಚ್ಚಾಯಿತು. ಸ್ವಯಂಸೇವಕರ ಮುಖ್ಯಸ್ಥೆ ಮೈತ್ರಿ ಎಂಬ ಹುಡುಗಿ ನಗುನಗುತ್ತ ಬಂದು, ಇಬ್ಬರು ನಯನರು ಹಿಡಿಸುವ ಟೀ ಶರ್ಟನ್ನು ಚೂಡಿದಾರದ ಮೇಲೆಯೇ ತೊಡಿಸಿದಳು. ಆಮೇಲೆ ಬ್ಯಾಗ್ ಕೌಂಟರಿನ ಹಿಂದೆ ನಿಲ್ಲಿಸಿದಳು. ಬಂದವರ ಚೀಲ ತೆಗೆದುಕೊಂಡು ಟೋಕನ್ ಕೊಡಬೇಕು, ಟೋಕನ್ ತೆಗೆದುಕೊಂಡು ಚೀಲ ಕೊಡಬೇಕು. ಡ್ಯೂಟಿಯ ಹೊತ್ತಿನಲ್ಲಿ ಸಭಾಂಗಣದೊಳಗೆ ಹೋಗುವಂತಿಲ್ಲ. ಡ್ಯೂಟಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ. ಸಭೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ.

“ಹಂಗಾದ್ರೆ ನಾವು ಒಳಗೆ ಹೋಗೋದು ಯಾವಾಗ್ರೀ?” ಎಂದು ನಯನ ಕೇಳಿದಳು.

“ಇಲ್ಲಿ ಇರೋದೇ ಒಂದು ಎಕ್ಸ್‌ಪೀರಿಯೆನ್ಸ್ ಅಲ್ವಾ?” ಎಂದು ಮೈತ್ರಿ ಮತ್ತೊಂದು ಸಲ ನಕ್ಕಳು.

ಎರಡನೆಯ ದಿನ ಬೆಳಿಗ್ಗೆ ಇನ್ನೂರ ಹದಿನಾಲ್ಕನೆಯ ಟೋಕನ್ನಿಗೆ ಚೀಲ ಕೊಟ್ಟವರ ಕೊರಳಲ್ಲಿ ತೂಗುತ್ತಿದ್ದ ಕಾರ್ಡು ಓದಿ ನಯನ ಟೋಕನ್ ಕೊಡುವುದನ್ನೇ ಮರೆತಳು. ಈಶ್ವರ್, ದನಿ ವಿಭಾಗದ ಮುಖ್ಯ ಎಂಜಿನಿಯರ್. ಅವಳು ಅವಸರವಸರವಾಗಿ ಹೆಸರು, ಊರು, ಆ್ಯಪ್ ಎಲ್ಲ ಹೇಳಿ, ಪ್ರಶ್ನೆಯನ್ನೂ ಕೇಳಿಯೇಬಿಟ್ಟಳು.

“ಓ, ಸೊರಬನಾ? ನಮ್ಮಜ್ಜಿ ಮನೆ ಸಾಗರ ಕಣ್ರೀ,” ಎಂದು ಈಶ್ವರ್ ಹಿಗ್ಗಿದರು. “ಬಹಳ ಒಳ್ಳೆ ಪ್ರಶ್ನೆ. ಮೂರು ಗಂಟೆಗೆ ನನ್ನ ಸೆಷನ್ ಇದೆ, ಅಲ್ಲಿ ಕೇಳಿ. ಎಲ್ಲರಿಗೂ ಉಪಯೋಗ ಆಗುತ್ತೆ.”

“ಸರ್, ನನ್ನನ್ನ ಒಳಗೆ ಬಿಡಲ್ಲ.”

“ಛೇ, ಹಾಗೆಲ್ಲ ಇಲ್ಲ. ನಮ್ಮ ಸಮಾವೇಶ ಎಲ್ಲರಿಗೂ ತೆರೆದಿರೋದು,” ಎಂದು ಹೇಳಿ, ಎಲ್ಲರಿಗೂ ತೆರೆದ ಬಾಗಿಲಿಗೆ ಕಾರ್ಡು ತೋರಿಸಿ ಒಳಗೆ ಹೋದರು.

ಮೂರು ಗಂಟೆಗೆ ನಯನ ಮೈತ್ರಿಯ ಹತ್ತಿರ ಹತ್ತು ನಿಮಿಷ ಬೇಡಿದಳು. ಅದೇ ಹೊತ್ತಿಗೆ ಯಾರದೋ ಲ್ಯಾಪ್‌ಟಾಪ್ ಚೀಲ ಅದಲುಬದಲಾಗಿ ಗಲಾಟೆ ಎದ್ದಿತ್ತು; ಮೈತ್ರಿ ಬಿಡಲಿಲ್ಲ. ಕೌಂಟರಿನ ಎದುರಿನ ಗೋಡೆಯಲ್ಲಿ ದೊಡ್ಡ ಟಿವಿಯಿತ್ತು. ಅದರಲ್ಲಿ ಈಶ್ವರ್ ಕೈಯಾಡಿಸುತ್ತ ಮಾತಾಡುತ್ತಿದ್ದರು. ಬಂದವರಿಗೆ ಕಿರಿಕಿರಿಯಾಗದಿರಲೆಂದು ಟಿವಿಯ ಸದ್ದು ನಿಲ್ಲಿಸಿದ್ದರು. ಈಶ್ವರ್ ಹಿಂದಿನ ಪರದೆಯಲ್ಲಿ ಪೇಟ ಸುತ್ತಿದ ಮುದುಕನೊಬ್ಬ ಫೋನು ಕಿವಿಗಿಟ್ಟುಕೊಂಡು ನಗುತ್ತಿದ್ದ. ಕೆಳಗೆ ‘ಕೊನೆಯ ರೈತನಿಗೂ ದನಿ’ ಎಂದು ಬರೆದಿತ್ತು. ದನಿಯ ಕುರಿತ ಭಾಷಣವನ್ನು ದನಿಯಿಲ್ಲದೆ ನೋಡುತ್ತ, ನಯನ ಚೀಲಗಳನ್ನು ಒಂದೊಂದಾಗಿ ಎತ್ತಿ ಕೊಟ್ಟಳು. ಅವಳಿಗೆ ಅಳು ಬಂತು. ಅತ್ತೆ ಈಗ ಬಗ್ಗಿಕೊಂಡು ಎಷ್ಟನೆಯ ಸಾಲಿನಲ್ಲಿರಬಹುದು ಎಂದು ನೆನೆದು ಇನ್ನೂ ಹೆಚ್ಚು ಬಂತು.

ಸಂಜೆ ಚೀಲಕ್ಕೆ ಬಂದ ಈಶ್ವರ್ ಅವಸರದಲ್ಲಿದ್ದರು. “ಸೆಷನ್‌ಗೆ ಬಂದ್ರಾ? ಕ್ಯಾಬ್ ಕಾಯ್ತಿದೆ, ನಂಗೊಂದು ಮೇಲ್ ಹಾಕಿ,” ಎಂದರು. ನಯನ ಬಸ್ಸಿನಲ್ಲಿ ಕುಳಿತೇ ಮೇಲ್ ಹಾಕಿದಳು. ಅವಳ ಅಭಿಪ್ರಾಯ ಮೂರನೆಯ ಬಾರಿಗೆ ಅಮೂಲ್ಯವಾಯಿತು.

ಮನೆಗೆ ಬಂದರೆ ಗುಡ್ಡಮ್ಮ ಎರಡೂ ಮಂಡಿಗೆ ಬಿಸಿ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಲೋಕಮ್ಮ.

“ಕೇಳಿದ್ಯಾ?”

“ಇಲ್ಲ ಅತ್ತೆ. ಎರಡು ದಿನ ಅವರ ಚೀಲ ಕಾದೆ.”

“ಕೂಲಿ?”

“ಇಲ್ಲ. ಊಟ ಕೊಟ್ರು.”

ಗುಡ್ಡಮ್ಮ ಬೆರಳು ಮಡಚಿ ಲೆಕ್ಕ ಹಾಕಿ, “ಕೂಲಿ ಇಲ್ದೆ ಊಟ ಹಾಕಿ ದುಡಿಸ್ಕಂಡ್ರೆ ಅದು ಮುಯ್ಯಾಳೇ ಆತು. ಎರಡು ಆಳು ಬಾಕಿ. ಇಪ್ಪತ್ತೊಂಬತ್ತಕ್ಕೆ ನಮ್ ನಾಟಿ. ಬರ್ರಿ ಅಂತ ತಿಳಿಸು,” ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಲೋಕದಲ್ಲಿ ದುಡಿಸಿಕೊಂಡು ಸುಮ್ಮನಿರುವ ಮನುಷ್ಯರು ಇನ್ನೂ ಹುಟ್ಟಿರಲಿಲ್ಲ.

ನಯನಳಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಕಂಪನಿ ಕಳಿಸಿದ್ದ ಅನಿಸಿಕೆಯ ಅರ್ಜಿಯಲ್ಲಿ ‘ಇನ್ನೇನಾದರೂ ಹೇಳುವುದಿದೆಯೇ’ ಎಂಬ ಜಾಗವಿತ್ತು. ಅಲ್ಲಿ ಕನ್ನಡದಲ್ಲೇ ಬರೆದಳು: “ನಾನು ನಿಮ್ಮಲ್ಲಿ ಎರಡು ದಿನ ಮುಯ್ಯಾಳು ಬಂದಿದ್ದೇನೆ. ಜುಲೈ ಇಪ್ಪತ್ತೊಂಬತ್ತಕ್ಕೆ ನಮ್ಮ ಗದ್ದೆ ನಾಟಿ. ನೀವು ಎರಡು ಆಳು ಬರಬೇಕು. ಊಟ ನಮ್ಮದು. ಟೀ ಶರ್ಟ್ ಇರುವುದಿಲ್ಲ.”

ಮರುದಿನವೇ ಮೈತ್ರಿಯ ಫೋನು. ಇಡೀ ಆಫೀಸು ಓದಿ ಮೆಚ್ಚಿಕೊಂಡಿದೆ, ತುಂಬಾ ಮುದ್ದಾಗಿದೆ, ನಮ್ಮ ಪುಟದಲ್ಲಿ ಹಾಕಿಕೊಳ್ಳಲೇ ಎಂದಳು. ಗುಡ್ಡಮ್ಮ ಫೋನು ಕಸಿದುಕೊಂಡು, “ಬರ್ತೀರೋ ಇಲ್ವೋ ಅದನ್ನ ಹೇಳವ್ವ,” ಎಂದರು.

“ಅಯ್ಯೋ, ಖಂಡಿತ ಬರ್ತೀವಿ ಆಂಟಿ!” ಎಂದಳು ಮೈತ್ರಿ.

ನಯನಳಿಗೆ ಆ ‘ಖಂಡಿತ’ ಎಂಥದ್ದೆಂದು ಗೊತ್ತಿತ್ತು. ಗುಡ್ಡಮ್ಮನಿಗೆ ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತರ ಬೆಳಿಗ್ಗೆ ಅವರು ಇಬ್ಬರಿಗೆ ಹೆಚ್ಚಾಗಿ ಅಕ್ಕಿ ರೊಟ್ಟಿ ತಟ್ಟಿದರು. ಪೇಟೆ ಹುಡುಗಿ ಖಾರ ತಿನ್ನುವುದಿಲ್ಲವೆಂದು ಎಣ್ಣೆಗಾಯಿಯನ್ನು ಬೇರೆ ಪಾತ್ರೆಯಲ್ಲಿ ಸಪ್ಪೆ ಮಾಡಿದರು. ಬದುವಿನ ಹತ್ತಿರದ ಎರಡು ಸಾಲು ಬಿಟ್ಟು, ಅವರಿಗೆಂದೇ ಸಸಿಯ ಕಟ್ಟು ಇಟ್ಟರು. ಲೋಕಮ್ಮ ಹನ್ನೊಂದು ಗಂಟೆಯವರೆಗೂ ರಸ್ತೆಯ ಕಡೆ ನೋಡಿ ನೋಡಿ ಚೇಷ್ಟೆ ಮಾಡಿದಳು. ಆಮೇಲೆ ಅವಳೂ ರಸ್ತೆಗೆ ಬೆನ್ನು ಹಾಕಿ ನೆಡತೊಡಗಿದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ನಯನಳ ಫೋನು ಸದ್ದು ಮಾಡಿತು. ಅವಳ ಚೀಟಿ ಕಂಪನಿಯ ಪುಟದಲ್ಲಿ ಹನ್ನೆರಡು ಸಾವಿರ ಮಂದಿಗೆ ಹಿಡಿಸಿತ್ತು. ಕೃತಜ್ಞತೆಗಾಗಿ ಐನೂರು ರೂಪಾಯಿಯ ಕಾಫಿ ಕೂಪನ್ ಕಳಿಸಿದ್ದರು. ಅದು ನಡೆಯುವುದು ಆರು ಮಹಾನಗರಗಳಲ್ಲಿ ಮಾತ್ರ. ಜೊತೆಗೆ ಇನ್ನೊಂದು ಪತ್ರ: ನೀವು ಒಂದೂ ಭಾಷಣಕ್ಕೆ ಹಾಜರಾಗದ ಕಾರಣ ಪ್ರಮಾಣಪತ್ರ ಕೊಡಲಾಗುವುದಿಲ್ಲ.

“ಏನಂತೆ?” ಎಂದರು ಗುಡ್ಡಮ್ಮ.

“ಬರಲ್ವಂತೆ. ದುಡ್ಡು ಕಳ್ಸ್ಯಾರೆ.”

ಬದುವಿನ ಮೇಲೆ ಕುಳಿತ ಒಂಬತ್ತು ಹೆಂಗಸರೂ ಒಮ್ಮೆಗೇ ತಲೆಯೆತ್ತಿದರು. ಗುಡ್ಡಮ್ಮನ ಮುಖ ಕೆಂಪಾಯಿತು. ಸಪ್ಪೆ ಎಣ್ಣೆಗಾಯಿಯ ಪಾತ್ರೆಯನ್ನು ಅತ್ತ ಸರಿಸಿ, ಎದ್ದು, ಬಿಟ್ಟಿದ್ದ ಎರಡು ಸಾಲನ್ನು ತಾವೇ ನೆಟ್ಟರು. ಯಾರನ್ನೂ ಹತ್ತಿರ ಬರಗೊಡಲಿಲ್ಲ.

ಆ ಎರಡು ಸಾಲು ಮುಗಿಯುವುದನ್ನು ನೋಡುತ್ತ ನಿಂತಾಗಲೇ ನಯನಳಿಗೆ ತಾನು ಎಂಥ ದಡ್ಡಿ ಎಂದು ಹೊಳೆದದ್ದು. ಬೆಲೆ ಹೇಳಲು ಬೇಕಾದ ಮಾತು ಎಷ್ಟು? ಒಂದರಿಂದ ತೊಂಬತ್ತೊಂಬತ್ತು, ನೂರುಗಳು, ಸಾವಿರಗಳು, ಹನ್ನೊಂದು ಬೆಳೆಯ ಹೆಸರು, ಎರಡು ಮಾರುಕಟ್ಟೆಯ ಹೆಸರು. ಇಷ್ಟಕ್ಕೆ ಅವಳು ಬೆಂಗಳೂರಿಗೆ ಹೋಗಿ ಟೋಕನ್ ಹಂಚಿ ಬಂದಿದ್ದಳು. ಅವಳ ಸ್ವಂತ ದನಿ ಕೀರಲು. ಫೋನಿನಲ್ಲಿ ಕೇಳಿದರೆ ಅವಳ ಗಂಡನೇ ಕಟ್ ಮಾಡುತ್ತಾನೆ. ದನಿಯೆಂದರೆ ಲೋಕಮ್ಮನದು. ಜೋಳದ ಹೊಲದಲ್ಲಿ ನಿಂತು ಗಿಳಿ ಓಡಿಸಿದರೆ ಪಕ್ಕದ ಊರಿನ ಗಿಳಿಯೂ ಏಳುತ್ತದೆ.

“ಒಂದು ದಿನ ನಂಗೆ ಬಾಯಾಳು ಬರ್ತೀಯಾ ಲೋಕಕ್ಕ? ನಿಮ್ ಗದ್ದೆ ಕಳೆಗೆ ನಾ ಬರ್ತೀನಿ.”

“ಬಾಯಾಡ್ಸಕ್ಕೆ ಮುಯ್ಯಿ ಬೇರೆ ಕೊಡ್ತೀಯಾ? ನಾನು ಬದುಕಿಡೀ ಬಿಟ್ಟಿ ಮಾಡಿದ್ನಲ್ಲೇ!”

ಒಂದು ದಿನದ್ದು ಎಂದುಕೊಂಡ ಕೆಲಸ ನಾಲ್ಕು ದಿನ ಹಿಡಿಯಿತು. ಸದ್ದು ಗುಂಯ್‌ಗುಡದಂತೆ ಕಂಬಳಿ ಮುಸುಕು ಹಾಕಿ ಕೂರಿಸಿದರೆ ಲೋಕಮ್ಮ ಬೆವರಿ ಬೈಯುತ್ತಿದ್ದಳು, ಆ ಬೈಗುಳವೂ ರೆಕಾರ್ಡಾಗುತ್ತಿತ್ತು. ನಲವತ್ತರಿಂದ ಐವತ್ತರವರೆಗಿನ ಅಂಕಿಗಳಲ್ಲಿ ಎಮ್ಮೆ ಕೂಗಿ, ಎಲ್ಲ ಮತ್ತೆ ಹೇಳಬೇಕಾಯಿತು. ಅದಕ್ಕೆ ಬದಲು ನಯನ ನಾಲ್ಕು ಭಾನುವಾರ ಲೋಕಮ್ಮನ ಗದ್ದೆಯಲ್ಲಿ ಕಳೆ ಕಿತ್ತಳು. ಬೆನ್ನು ಹಿಡಿದುಕೊಂಡು ಸೋಮವಾರಗಳಂದು ಸೆಂಟರಿನಲ್ಲಿ ನಿಂತೇ ಅರ್ಜಿ ತುಂಬಿದಳು.

ಆಗಸ್ಟ್ ಮೂವತ್ತೊಂದಕ್ಕೆ ಕಂಪನಿಯ ದನಿ ಹೇಳಿದ ಮಾತಿಗೆ ತಪ್ಪದೆ ನಿಂತಿತು. ಸೆಪ್ಟೆಂಬರ್ ಒಂದರ ಮಧ್ಯಾಹ್ನ ಸಾವಿರದ ನಾನೂರು ಫೋನುಗಳಲ್ಲಿ ಲೋಕಮ್ಮ ಕೂಗಿದಳು. ಶಿಕಾರಿಪುರದ ಕಡೆಯ ರಾಜಪ್ಪ ಎಂಬ ರೈತರು ನಯನಳಿಗೆ ಫೋನ್ ಮಾಡಿದರು. “ಏನವ್ವ, ಮೊದ್ಲಿನಾಕಿ ಲಗ್ನಪತ್ರಿಕೆ ಓದಿದಂಗ ಓದ್ತಿದ್ಲು. ಈಕಿ ಬೆಲಿ ಹೇಳಿದ್ರ ಜಗಳ ತೆಗ್ದಂಗ ಆಗ್ತೈತಲ್ಲ.”

“ಬದಲಾಯಿಸ್ಲಾ ಯಜಮಾನ್ರೇ?”

“ಬ್ಯಾಡ ಬ್ಯಾಡ. ಈಗಿನ ಬೆಲಿಗೆ ಇದೇ ಸರಿ ಐತಿ.”

ಹದಿನೈದು ದಿನ ಕಳೆಯಿತು. ಗುಡ್ಡಮ್ಮನ ಗದ್ದೆಯಲ್ಲಿ ಎಲ್ಲರೂ ಕಳೆಗೆ ಬಗ್ಗಿದ್ದಾಗ ಈಶ್ವರ್ ಅವರಿಂದ ಮೇಲ್ ಬಂತು. ಯಂತ್ರ ಬರೆದದ್ದಲ್ಲ, ಖುದ್ದು ಅವರೇ ಬರೆದದ್ದು. ನಿಮ್ಮ ಆ್ಯಪಿನ ಹೊಸ ದನಿ ಕೇಳಿದೆ, ಅದ್ಭುತವಾಗಿದೆ, ನಿಮ್ಮ ಸೀಮೆಯ ಇಂಥ ನೈಜ ಕನ್ನಡ ನಮ್ಮ ಸಂಗ್ರಹದಲ್ಲಿ ಇಲ್ಲ, ದಯವಿಟ್ಟು ರೆಕಾರ್ಡಿಂಗುಗಳನ್ನು ನಮಗೆ ದಾನವಾಗಿ ಕೊಡಿ, ಕೊಟ್ಟವರಿಗೆ ಮುಂದಿನ ಸಮಾವೇಶದ ಟಿಕೆಟ್ಟಿನಲ್ಲಿ ಶೇಕಡಾ ಇಪ್ಪತ್ತು ರಿಯಾಯಿತಿ ಎಂದಿತ್ತು. ನಯನ ಬದುವಿನ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದಳು.

ಲೋಕಮ್ಮ ಸೊಂಟ ನೆಟ್ಟಗೆ ಮಾಡಿದಳು. “ಅಂದ್ರೆ, ನನ್ ದನಿ ಅವ್ರು ಬಿಟ್ಟಿ ತಗಾಳಾದು. ಆಮೇಲೆ ಅದನ್ನೇ ಮಾತಿಗಿಷ್ಟು ಅಂತ ನಮಗೆ ಮಾರಾದು. ಅವ್ರು ಮಾರಾದು ನೋಡಕ್ಕೆ ನಾವೇ ಟಿಕೆಟ್ ತಗಂಡು ಹೋಗಾದು. ಹಂಗೇನೇ?”

“ಹಂಗೇ ಲೋಕಕ್ಕ.”

“ಆಳು ಕಳಿಸ್ದೋರು ಗಂಟಲು ಕೇಳ್ಬೋದು. ಕೂಪನ್ ಕಳಿಸ್ದೋರು ಕೇಳಂಗಿಲ್ಲ,” ಎಂದರು ಗುಡ್ಡಮ್ಮ, ತಲೆಯೆತ್ತದೆ.

ಆ ಪತ್ರದ ಕೊನೆಯಲ್ಲಿ ಈಶ್ವರ್ ಇನ್ನೊಂದು ಸಾಲು ಬರೆದಿದ್ದರು: ಅಂದು ನೀವೇನೋ ಕೇಳಿದ್ದಿರಿ, ಈಗ ನನಗೆ ಬಿಡುವಿದೆ, ಏನು ಬೇಕಾದರೂ ಕೇಳಿ. ನಯನ ಆ ಸಾಲನ್ನು ಎರಡು ಸಲ ಓದಿದಳು. ಐದು ನಿಮಿಷ ಕಿವಿಗೊಡಲಿ ಎಂದು ಎರಡು ದಿನ ಚೀಲ ಕಾದವಳಿಗೆ, ಈಗ ಅವರನ್ನು ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ಅದು ಅವಳಿಗೆ ಸಂತೋಷವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಹೆಚ್ಚಾಗಿ ಬೇಜಾರೇ ಆಯಿತು. ಫೋನನ್ನು ಬದುವಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು, ಅತ್ತೆಯ ಪಕ್ಕದ ಸಾಲಿಗೆ ಇಳಿದಳು.